ಚಳಿಗೆ ಅಂತ ಒಂದು ಲೋಟ

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಂದವರಿಗೆ ಈ ಮಾತು ಕಿವಿಗೆ ಬಿದ್ದೇ ಇರುತ್ತದೆ. "ನಮ್ ಕಡೆ ಮಳೆ, ಚಳಿ ಜಾಸ್ತಿ. ಸ್ವಲ್ಪ ಹಾಕಿದ್ರೇ ಸೈ ಮಾರಾಯ್ರೆ, ಇಲ್ದಿದ್ರೆ ಮೈ ತಡೆಯಲ್ಲ."

ಹೀಗೆ ಹೇಳುವವರು ಕುಡಿಯುವವರೇ ಆಗಿರಬೇಕು ಅಂತೇನಿಲ್ಲ. ಜನ್ಮದಲ್ಲಿ ಒಂದು ಹನಿ ಮುಟ್ಟದ ನಮ್ಮಜ್ಜನೂ ಇದನ್ನೇ ಹೇಳುತ್ತಿದ್ದರು. ತಮಗಾಗಿ ಅಲ್ಲ, ತೋಟಕ್ಕೆ ಬರುವ ಆಳುಗಳಿಗಾಗಿ.

ಇದರ ಜೊತೆಗೆ ಇನ್ನೂ ಒಂದು ದೊಡ್ಡ ಪಟ್ಟಿಯೇ ಇದೆ. ಕಳ್ಳು ದೇಹಕ್ಕೆ ತಂಪು, ಬ್ರಾಂದಿ ಉಷ್ಣ. ಬಾಣಂತಿಗೆ ಬ್ರಾಂದಿ ಕೊಟ್ಟರೆ ಸೊಂಟ ಗಟ್ಟಿಯಾಗುತ್ತದೆ. ಮಗುವಿಗೆ ಶೀತವಾದರೆ ನಾಲ್ಕು ಹನಿ ನೆಕ್ಕಿಸಬೇಕು. ಕುಡಿದವನಿಗೆ ಸೊಳ್ಳೆ ಕಚ್ಚಲ್ಲ, ಜ್ವರ ಹತ್ತಿರ ಬರಲ್ಲ. ಬಿಯರ್ ಕುಡಿದರೆ ಕಿಡ್ನಿ ಕಲ್ಲು ಹೋಗುತ್ತದೆ. ಚೆನ್ನಾಗಿ ಊಟ ಮಾಡಿ ಕುಡಿದರೆ ಲಿವರಿಗೆ ಏನೂ ಆಗಲ್ಲ...

ಇವೆಲ್ಲ ಎಲ್ಲಿಂದ ಬಂದವು ಅಂತ ಹುಡುಕಲು ಹೊರಟಾಗ ನನಗೆ ಸಿಕ್ಕಿದ್ದು ಕುಡಿತದ ಕಥೆ ಅಲ್ಲ, ಜ್ವರದ ಕಥೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

*

ಮೊದಲು ಮಳೆಯ ಲೆಕ್ಕ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರ್ ಆಸುಪಾಸು ಮಳೆ. ಹೊಸನಗರದ ಹುಲಿಕಲ್ ಕೂಡ ಅದಕ್ಕೆ ಸ್ಪರ್ಧೆ ಕೊಡುವ ಊರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ಮೊಳಕಾಲುದ್ದ ಕೆಸರಲ್ಲಿ ನಿಂತವನಿಗೆ ಚಳಿ ಅನ್ನುವುದು ಮೈಯೊಳಗಿಂದಲೇ ಹುಟ್ಟುತ್ತದೆ.

ಆದರೆ ನಮ್ಮ ಹಿರಿಯರು "ಚಳಿ" ಅಂದಾಗ ಅದು ಬರೀ ಹವಾಮಾನ ಅಲ್ಲ. ಅದು ಚಳಿಜ್ವರ, ಅಂದರೆ ಮಲೇರಿಯಾ. ಹಲ್ಲು ಕಟಕಟ ಕಡಿಯುವ ನಡುಕ, ಆಮೇಲೆ ಉರಿಯುವ ಜ್ವರ, ಆಮೇಲೆ ಬೆವರು. ಒಂದು ದಿನ ಬಿಟ್ಟು ಮತ್ತೆ ಅದೇ. ವರ್ಷಗಟ್ಟಲೆ ಹೀಗೇ ಬಂದು ಹೋಗಿ ಮಾಡಿದ ಮೇಲೆ ಎಡಹೊಟ್ಟೆಯಲ್ಲಿ ಗುಲ್ಮ ಊದಿಕೊಂಡು ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು. ಅದಕ್ಕೆ ನಮ್ಮ ಕಡೆ "ಜ್ವರಗಡ್ಡೆ" ಅಂತ ಹೆಸರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಡುಬ್ಬ. ಮಲೆನಾಡಿನ ಮಕ್ಕಳನ್ನು ನೋಡಿದ ಕೂಡಲೇ ಗುರುತು ಹಿಡಿಯಬಹುದಿತ್ತು ಅಂತ ಹಳಬರು ಹೇಳುತ್ತಿದ್ದರು. ಈ ಹೊಟ್ಟೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಜ್ವರ ಎಷ್ಟು ಜೋರಿತ್ತು ಅಂದರೆ, ಇಪ್ಪತ್ತನೇ ಶತಮಾನದ ಆರಂಭದ ಜನಗಣತಿಗಳಲ್ಲಿ ಮಲೆನಾಡಿನ ತಾಲೂಕುಗಳ ಜನಸಂಖ್ಯೆ ಇಳಿಯುತ್ತಿರುವುದು ಮೈಸೂರು ಸರ್ಕಾರಕ್ಕೇ ಚಿಂತೆಯಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912-1918) ಮಲೆನಾಡಿಗೆಂದೇ ಒಂದು ಸುಧಾರಣಾ ಯೋಜನೆ ಮಾಡಬೇಕಾಯಿತು. ಬಯಲುಸೀಮೆಯವರು ಈ ಕಡೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರಂತೆ.

ಡಾಕ್ಟರು? ಎತ್ತಿನಗಾಡಿಯಲ್ಲಿ ಒಂದು ದಿನದ ದಾರಿ. ಮಳೆಗಾಲದಲ್ಲಿ ಹೊಳೆ ದಾಟುವ ಹಾಗೇ ಇಲ್ಲ.

ಅಂಥ ಊರಲ್ಲಿ ಮನೆಯ ಹಿಂದೆ ಬಗನಿ ಮರ ಇತ್ತು. ಬೈನೆ ಅಂತಲೂ ಕರೆಯುತ್ತಾರೆ. ಅದರ ಕಳ್ಳು ಇಳಿಸುವುದು ಗೊತ್ತಿದ್ದ ಜನ ಇದ್ದರು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936), 'ಮಲೆಗಳಲ್ಲಿ ಮದುಮಗಳು' (1967) ಓದಿದವರಿಗೆ ಹೊಸದಾಗಿ ಹೇಳಬೇಕಿಲ್ಲ, ಕಳ್ಳು ಅಲ್ಲಿ ಹಬ್ಬಕ್ಕೂ ಇದೆ, ದುಡಿಮೆಗೂ ಇದೆ, ಜಗಳಕ್ಕೂ ಇದೆ.

ನ್ಯಾಯವಾಗಿ ಹೇಳುವುದಾದರೆ, ಆ ಕಳ್ಳಿಗೆ ಸ್ವಲ್ಪ ಗುಣವೂ ಇತ್ತು. ಬೆಳಿಗ್ಗೆ ಇಳಿಸಿದ್ದು ಹೆಚ್ಚುಕಮ್ಮಿ ಸಕ್ಕರೆ ನೀರು. ಹುಳಿಯಾದ ಮೇಲೂ ಅದರಲ್ಲಿ ಮದ್ಯಸಾರ ಶೇಕಡಾ 4-6ರ ಸುಮಾರು. ಯೀಸ್ಟ್ ಇರುವುದರಿಂದ ಒಂದಿಷ್ಟು ಬಿ ವಿಟಮಿನ್ನೂ ಸಿಗುತ್ತದೆ. ಗಂಜಿ ಕುಡಿದು ದುಡಿಯುವವನಿಗೆ ಹೊಟ್ಟೆಗೆ ಏನೋ ಒಂದು ಬಿತ್ತು ಅನ್ನಿಸಿ, ಮೈಕೈ ನೋವು ಮರೆಯುತ್ತಿತ್ತು. ಬೇರೆ ಏನೂ ಇಲ್ಲದ ಕಡೆ ಅದನ್ನು ಔಷಧಿ ಅಂದುಕೊಂಡಿದ್ದು ಆಶ್ಚರ್ಯವಲ್ಲ.

*

ನಮ್ಮ ಜನಕ್ಕೆ ಮಾತ್ರ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಆಗಿನ ದೊಡ್ಡ ದೊಡ್ಡ ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು!

ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ರಾಬರ್ಟ್ ಬೆಂಟ್ಲಿ ಟಾಡ್ ಅಂತ ಹೆಸರಾಂತ ವೈದ್ಯರಿದ್ದರು, 1860ರಲ್ಲಿ ತೀರಿಕೊಂಡರು. ಜ್ವರದ ರೋಗಿಗಳಿಗೆ ಗಂಟೆಗಂಟೆಗೂ ಬ್ರಾಂದಿ ಕೊಡಿಸುವುದೇ ಅವರ ಚಿಕಿತ್ಸೆ. ಬ್ರಾಂದಿ ಬ್ರಿಟಿಷ್ ಔಷಧಕೋಶದಲ್ಲೇ ಜಾಗ ಪಡೆದಿತ್ತು. 1918ರ ಇನ್‌ಫ್ಲುಯೆಂಜಾ ಬಂದಾಗ ಜಗತ್ತಿನ ಎಷ್ಟೋ ಕಡೆ ವಿಸ್ಕಿ, ಬ್ರಾಂದಿ ಬರೆದುಕೊಟ್ಟರು. ಬ್ರಿಟಿಷರ ಕಾಲದ ಆಸ್ಪತ್ರೆಗಳ ಮೂಲಕ ಈ ನಂಬಿಕೆ ನಮ್ಮಲ್ಲಿಗೂ ಬಂತು. ಮಲೆನಾಡಿನ ಎಷ್ಟೋ ಸಂಪ್ರದಾಯಸ್ಥರ ಮನೆಗಳ ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟ ಒಂದು ಬ್ರಾಂದಿ ಸೀಸೆ ಇರುತ್ತಿತ್ತಲ್ಲ, ಅದು ಅಲ್ಲಿಂದ ಬಂದ ನೆಂಟ. ಅದು "ಹೆಂಡ" ಅಲ್ಲ, "ಔಷಧಿ".

ಇನ್ನೊಂದು ಮಜಾ ಕೇಳಿ. ಶೀತವಾದಾಗ ಇಂಗ್ಲಿಷಿನವರು ಬಿಸಿನೀರಿಗೆ ವಿಸ್ಕಿ ಹಾಕಿ ಕುಡಿಯುತ್ತಾರಲ್ಲ, ಹಾಟ್ ಟಾಡಿ ಅಂತ. ಆ "ಟಾಡಿ" ಎಂಬ ಪದ ಬಂದದ್ದು ಹಿಂದಿಯ "ತಾಡಿ"ಯಿಂದ, ಅಂದರೆ ತಾಳೆಮರದ ಕಳ್ಳಿನಿಂದ. ಹೆಸರು ಇಲ್ಲಿಂದ ಅಲ್ಲಿಗೆ ಹೋಯಿತು, ಅಲ್ಲಿಂದ ಬ್ರಾಂದಿ ಇಲ್ಲಿಗೆ ಬಂತು.

ಬಾಣಂತಿಯ ವಿಷಯಕ್ಕೆ ಬಂದರೆ ನಮ್ಮದೇ ದಶಮೂಲಾರಿಷ್ಟ ಇತ್ತು. ಅರಿಷ್ಟ, ಆಸವ ಎಲ್ಲ ಹುದುಗಿಸಿ ಮಾಡುವ ಔಷಧಿಗಳು, ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ. ಆದರೆ ಅದು ಚಮಚದ ಲೆಕ್ಕ. ಚಮಚ ಇದ್ದ ಜಾಗಕ್ಕೆ ಲೋಟ ಬಂದಾಗ ಕಥೆಯೇ ಬೇರೆ. ತಾಯಿಯ ರಕ್ತದಲ್ಲಿ ಎಷ್ಟು ಮದ್ಯಸಾರ ಇರುತ್ತದೋ ಹೆಚ್ಚುಕಮ್ಮಿ ಅಷ್ಟೇ ಎದೆಹಾಲಿನಲ್ಲೂ ಇರುತ್ತದೆ. ಹಾಲು ಇಳಿಯುವುದೂ ಕಡಿಮೆಯಾಗುತ್ತದೆ. ಪುಟ್ಟ ಮಗುವಿಗೆ ನೇರವಾಗಿ ಕುಡಿಸಿದರಂತೂ ರಕ್ತದ ಸಕ್ಕರೆ ಅಂಶ ಕುಸಿಯುವ ಅಪಾಯ. ಅಂಥ ಮಗು "ತಣ್ಣಗೆ ಮಲಗಿದೆ" ಅಂದರೆ ಅದು ಶೀತ ವಾಸಿಯಾದ ಲಕ್ಷಣ ಅಲ್ಲ.

*

ಸರಿ, ಜ್ವರಕ್ಕೆ ನಿಜವಾದ ಔಷಧಿ ಯಾವಾಗ ಬಂತು?

ಅದು ಸಿಂಕೋನಾ ಮರದ ತೊಗಟೆ. ಇದರಲ್ಲೂ ಮದ್ಯದ ಪಾತ್ರ ಇದೆ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಟಾಲ್ಬರ್ ಎಂಬಾತ ಚಳಿಜ್ವರಕ್ಕೆ ಗುಟ್ಟಿನ ಔಷಧಿ ಕೊಡುತ್ತಿದ್ದ. ರಾಜರುಗಳೇ ಅವನ ರೋಗಿಗಳು. ಫ್ರಾನ್ಸಿನ ಹದಿನಾಲ್ಕನೇ ಲೂಯಿ ದುಡ್ಡು ಕೊಟ್ಟು ಆ ಗುಟ್ಟು ಕೊಂಡುಕೊಂಡ. 1681ರಲ್ಲಿ ಟಾಲ್ಬರ್ ಸತ್ತ ಮೇಲೆ ಗೊತ್ತಾಗಿದ್ದು ಇಷ್ಟೇ: ಸಿಂಕೋನಾ ತೊಗಟೆಯ ಪುಡಿಯನ್ನು ವೈನಿನಲ್ಲಿ ನೆನೆಸಿ ಕೊಡುತ್ತಿದ್ದನಂತೆ. ಗುಣ ಮಾಡಿದ್ದು ತೊಗಟೆ, ಲೋಟದಲ್ಲಿ ಕಂಡದ್ದು ವೈನ್. ಮದ್ಯ ಜ್ವರಕ್ಕೆ ಒಳ್ಳೆಯದು ಅನ್ನುವ ನಂಬಿಕೆಗೆ ಇಂಥ ಎಷ್ಟು ಲೋಟಗಳು ಸಾಕ್ಷಿ ಹೇಳಿವೆಯೋ!

1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡರು. ಅಂದರೆ ಕಾರಣ ಚಳಿಯೂ ಅಲ್ಲ, ಮಲೆನಾಡಿನ ನೀರೂ ಅಲ್ಲ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಮಲೇರಿಯಾ ಅಧ್ಯಯನ ಶುರು ಮಾಡಿತು. ಗುಡ್ಡಗಾಡಿನ ಮಲೇರಿಯಾಕ್ಕೆ ಮುಖ್ಯ ಕಾರಣ ಅನಾಫಿಲಿಸ್ ಫ್ಲೂವಿಯಟೈಲಿಸ್ ಎಂಬ ಸೊಳ್ಳೆ. ಇದು ಕೊಚ್ಚೆಯಲ್ಲಿ ಬೆಳೆಯುವುದಿಲ್ಲ, ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳ, ಒರತೆಗಳಲ್ಲಿ ಬೆಳೆಯುತ್ತದೆ. ನಮ್ಮ ತೋಟದ ಕಾಲುವೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಆಮೇಲೆ ಡಿಡಿಟಿ ಬಂತು. 1946ರಿಂದ ಪಕ್ಕದ ಧಾರವಾಡ, ಕೆನರಾ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ದೊಡ್ಡ ಪ್ರಮಾಣದಲ್ಲಿ ಮನೆಮನೆಗೆ ಹೊಡೆಸಿ ತೋರಿಸಿದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಕೆಲವೇ ವರ್ಷಗಳಲ್ಲಿ ಮಲೆನಾಡಿನ ಚಳಿಜ್ವರದ ಸೊಂಟ ಮುರಿಯಿತು. ಡಿಡಿಟಿಯ ದುಷ್ಪರಿಣಾಮದ ಬಗ್ಗೆ ಇನ್ನೊಮ್ಮೆ ಬರೆಯೋಣ, ಆದರೆ ನಮ್ಮಜ್ಜಿಯ ಎಂಟು ಮಕ್ಕಳಲ್ಲಿ ಕೊನೆಯ ಮೂವರಿಗೆ ಜ್ವರಗಡ್ಡೆ ಬರಲಿಲ್ಲ ಅನ್ನುವುದು ಸುಳ್ಳಲ್ಲ.

ಕುಡಿದವನಿಗೆ ಸೊಳ್ಳೆ ಕಚ್ಚಲ್ಲ ಅನ್ನುತ್ತಾರಲ್ಲ, ಅದನ್ನೂ ಯಾರೋ ಪರೀಕ್ಷೆ ಮಾಡಿದ್ದಾರೆ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಅಲ್ಲಿನ ಜೋಳದ ಬಿಯರ್ ಕುಡಿದವರ ಕಡೆಗೆ ಮಲೇರಿಯಾ ಸೊಳ್ಳೆಗಳು ಹೆಚ್ಚು ಹೋಗುತ್ತವೆ ಅಂತ 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿಯ ಸೊಳ್ಳೆ ಜಾತಿ ಬೇರೆ, ನಿಜ. ಆದರೆ ನಮ್ಮ ನಂಬಿಕೆಗೆ ಪೂರ್ತಿ ಉಲ್ಟಾ!

ಇನ್ನು ಬರೀ ಹವಾಮಾನದ ಚಳಿಗೆ? ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ಬರುವುದರಿಂದ ಬೆಚ್ಚಗೆ ಅನ್ನಿಸುತ್ತದೆ. ಆದರೆ ಆ ಶಾಖ ಹೊರಗೆ ಹೋಗುತ್ತಿದೆ, ಒಳಗಿನ ಉಷ್ಣತೆ ಇಳಿಯುತ್ತಿದೆ. ನಡುಕವೂ ಕಡಿಮೆಯಾಗುವುದರಿಂದ ಮೈ ತನ್ನನ್ನು ತಾನು ಬಿಸಿ ಮಾಡಿಕೊಳ್ಳುವ ದಾರಿಯೂ ಕುಗ್ಗುತ್ತದೆ. ಚಳಿಯಲ್ಲಿ ಬಾಗಿಲು ತೆಗೆದಿಟ್ಟು ಒಲೆ ಹಚ್ಚಿದ ಹಾಗೆ. ಆಲ್ಪ್ಸ್ ಹಿಮದಲ್ಲಿ ಕತ್ತಿಗೆ ಬ್ರಾಂದಿ ಪೀಪಾಯಿ ಕಟ್ಟಿಕೊಂಡು ಬರುವ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ನೋಡಿರುತ್ತೀರಿ. ಆ ಪೀಪಾಯಿಯನ್ನು ಜನಪ್ರಿಯ ಮಾಡಿದ್ದು ಲ್ಯಾಂಡ್‌ಸೀರ್ ಎಂಬ ಚಿತ್ರಕಾರ 1820ರಲ್ಲಿ ಬರೆದ ಒಂದು ಚಿತ್ರ.

*

ಜ್ವರ ಹೋಯಿತು, ಸರಿ. ನಂಬಿಕೆ ಹೋಗಲಿಲ್ಲ. ಈ ಮಧ್ಯೆ ಲೋಟದೊಳಗಿನ ವಸ್ತು ಮಾತ್ರ ಬದಲಾಗುತ್ತಾ ಬಂತು.

ಬಗನಿ ಕಳ್ಳಿನ ಜಾಗಕ್ಕೆ ಸಾರಾಯಿ ಬಂತು. ಕಲಬೆರಕೆಯೂ ಬಂತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2004ರಲ್ಲಿ ನಮ್ಮ ಕಡೆ ಕಳ್ಳಿನ ಮಾರಾಟಕ್ಕೆ ಸರ್ಕಾರ ತಡೆ ಹಾಕಿತು. 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿಯೂ ನಿಂತಿತು. ಉಳಿದದ್ದು ಅಂಗಡಿಯ ವಿಸ್ಕಿ, ಬ್ರಾಂದಿ, ರಮ್ಮು. "ಬ್ರಾಂಡೆಡ್ ಮಾರಾಯ, ಏನೂ ಆಗಲ್ಲ" ಅನ್ನುವ ಹೊಸ ನಂಬಿಕೆ ಅವುಗಳ ಜೊತೆಗೇ ಬಂತು.

ಒಂದು ಸಣ್ಣ ಲೆಕ್ಕ ಹಾಕೋಣ. ಶೇಕಡಾ 5ರ ಕಳ್ಳು ಒಂದು ದೊಡ್ಡ ಬಾಟಲಿ, 650 ಮಿಲಿ ಅಂದುಕೊಳ್ಳಿ. ಅದರಲ್ಲಿ ಶುದ್ಧ ಮದ್ಯಸಾರ ಸುಮಾರು 25 ಗ್ರಾಂ. ಶೇಕಡಾ 42.8ರ ವಿಸ್ಕಿ ಒಂದು ಕ್ವಾರ್ಟರ್, ಅಂದರೆ 180 ಮಿಲಿ. ಅದರಲ್ಲಿ ಸುಮಾರು 60 ಗ್ರಾಂ! ಕಳ್ಳು ಕುಡಿದರೆ ಹೊಟ್ಟೆ ತುಂಬುತ್ತಿತ್ತು, ಸಾಕು ಅನ್ನಿಸುತ್ತಿತ್ತು. ಕ್ವಾರ್ಟರ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಜ್ಜನ ಕಾಲದ "ಸ್ವಲ್ಪ"ವೂ ಮೊಮ್ಮಗನ ಕಾಲದ "ಸ್ವಲ್ಪ"ವೂ ಒಂದೇ ಅಲ್ಲ.

ಬ್ರಾಂಡ್ ಒಳ್ಳೆಯದಿದ್ದರೆ ಮೆಥನಾಲ್‌ನ ಭಯ ಇಲ್ಲ ಅಷ್ಟೇ, ಲಿವರಿಗೆ ಎಥನಾಲ್ ಎಥನಾಲೇ. ಊಟ ಮಾಡಿ ಕುಡಿದರೆ ಅದು ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ ಅನ್ನುವುದು ನಿಜ. ಆದರೆ ಕೊನೆಗೆ ಲಿವರು ಅಷ್ಟನ್ನೂ ಕರಗಿಸಲೇಬೇಕು, ಗಂಟೆಗೆ ಸುಮಾರು 7ರಿಂದ 10 ಗ್ರಾಂ ಲೆಕ್ಕದಲ್ಲಿ.

*

ಈ 7-10 ಗ್ರಾಂ ಲೆಕ್ಕ ನನಗೆ ಒಬ್ಬನನ್ನು ನೆನಪಿಸುತ್ತದೆ.

ಅಡಿಕೆಗೆ ಕೊಳೆರೋಗ ಬರುವುದು ಇದೇ ಮಳೆಗಾಲದಲ್ಲಿ. ಮೊದಲು ಹಾಳೆಯ ಕೊಟ್ಟೆ ಕಟ್ಟಿ ಗೊನೆ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಬಳಕೆಗೆ ತಂದರು. ಮಲೆನಾಡಿನ ಅಡಿಕೆ ಉಳಿದದ್ದು ಅದರಿಂದ. ಆದರೆ ಸಿಂಪಡಿಸಲು ಯಾರಾದರೂ ಜಾರುವ ಮರ ಹತ್ತಲೇಬೇಕು, ಅದೂ ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, ಒದ್ದೆ ಮೈಯಲ್ಲಿ. ಅವನು ಕೊನೆಗೌಡ.

ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡನಿಗೆ ಕೂಲಿಯ ಜೊತೆ "ಚಳಿಗೆ" ಅಂತ ಬೇರೆ ದುಡ್ಡು ಕೊಡುವುದು ನಮ್ಮ ಮನೆಯ ಪದ್ಧತಿ. ಅಜ್ಜ ಕೊಟ್ಟರು, ಅಪ್ಪ ಕೊಟ್ಟರು, ಎರಡು ವರ್ಷ ನಾನೂ ಕೊಟ್ಟಿದ್ದೇನೆ. ನಾವ್ಯಾರೂ ಮುಟ್ಟದ್ದನ್ನು ಅವನಿಗೆ ಔಷಧಿ ಅಂತ ಕೊಟ್ಟೆವು. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ, "ಪಾಪ, ಚಳಿಯಲ್ಲಿ ಹತ್ತುತ್ತಾನೆ" ಅನ್ನುವುದೇ ಇದ್ದದ್ದು. ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿದವನ ರಕ್ತದಿಂದ 60 ಗ್ರಾಂ ಪೂರ್ತಿ ಇಳಿಯಲು ಆರರಿಂದ ಒಂಬತ್ತು ಗಂಟೆ ಬೇಕು. ಬೆಳಿಗ್ಗೆ ಆರಕ್ಕೆ ಅವನು ಮೊದಲ ಮರ ಹತ್ತುತ್ತಿದ್ದ. ಈ ಲೆಕ್ಕ ನಮ್ಮಲ್ಲಿ ಯಾರೂ ಹಾಕಿರಲಿಲ್ಲ.

ಅವನು ಮರದಿಂದ ಬೀಳಲಿಲ್ಲ. ನಲವತ್ತೈದರ ಹೊತ್ತಿಗೆ ಕೈಕಾಲು ಸಣಕಲಾಗಿ ಹೊಟ್ಟೆ ಊದಿಕೊಂಡಿತು. ನೋಡಲು ಹೋದ ಅಜ್ಜಿ ಬಂದು ಹೇಳಿದ್ದು, "ಜ್ವರಗಡ್ಡೆ ಇದ್ದಂಗೆ ಇದ್ಯಲ, ಈ ಕಾಲದಲ್ಲೂ ಬರ್ತದಾ?"

ಅಜ್ಜಿಯ ಕಣ್ಣು ಮೋಸ ಹೋಗಿರಲಿಲ್ಲ. ವರ್ಷಗಟ್ಟಲೆ ಕುಡಿದು ಲಿವರ್ ಗಟ್ಟಿಯಾದಾಗ ಅದರ ಮೂಲಕ ಹೋಗಬೇಕಾದ ರಕ್ತ ಹಿಂದೆ ಒತ್ತುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಗುಲ್ಮವೂ ಊದಿಕೊಳ್ಳುತ್ತದೆ. ಮಲೇರಿಯಾ ಊದಿಸುತ್ತಿದ್ದ ಅದೇ ಗುಲ್ಮ. ಆ ಗಡ್ಡೆ ಬಾರದಿರಲಿ ಅಂತ ಹಿಂದಿನವರು ಕುಡಿದರು. ಜ್ವರ ಊರು ಬಿಟ್ಟು ಐವತ್ತು ವರ್ಷವಾದ ಮೇಲೂ ನಾವು ಕುಡಿಸಿದೆವು, ಗಡ್ಡೆ ಬಂತು.

ಮುಂದಿನ ಮಳೆಗಾಲಕ್ಕೆ ಅವನು ಇರಲಿಲ್ಲ.

*

ಇದನ್ನು ಓದಿ "ಅದಕ್ಕೇ ನಾವು ಹೇಳೋದು" ಅನ್ನುವ ಕುಡಿಯದವರಿಗೂ ಒಂದು ಮಾತು. ನಮ್ಮಲ್ಲೂ ಮೂಢನಂಬಿಕೆ ಇದೆ. ಕುಡಿಯುವವನಿಗೆ ಏನೇ ಬಂದರೂ ಕುಡಿತದಿಂದಲೇ ಬಂತು ಅನ್ನುವುದು. ತೀರ್ಥಹಳ್ಳಿ ಸೀಮೆಯವರೇ ಆದ ಅನಂತಮೂರ್ತಿಯವರ 'ಸಂಸ್ಕಾರ'ದ (1965) ನಾರಣಪ್ಪನನ್ನು ನೆನಪಿಸಿಕೊಳ್ಳಿ. ಅಗ್ರಹಾರಕ್ಕೆ ಕಂಡದ್ದು ಅವನ ಕುಡಿತ, ಅನಾಚಾರ. ಅವನನ್ನು ಕೊಂದದ್ದು ಪ್ಲೇಗು. ಇಲಿಗಳು ಸಾಯುತ್ತಿದ್ದರೂ ಯಾರಿಗೂ ಹೊಳೆಯಲಿಲ್ಲ.

ಇದು ಬರೀ ಕಾದಂಬರಿ ಅಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಎಷ್ಟೋ ಮನೆಗಳ ದೀಪ ಆರಿಸಿತು. ಉಣ್ಣೆ ಕಚ್ಚಿ ಬರುವ ಈ ಜ್ವರದಲ್ಲಿ ತಲೆಸಿಡಿತ, ಮೈಕೈ ನೋವು, ಸುಸ್ತು. ದಿನಾ ಕುಡಿಯುವ ಮನುಷ್ಯ ಹೀಗೆ ಮಲಗಿದರೆ "ನಿನ್ನೆ ಜಾಸ್ತಿ ಆಗಿರಬೇಕು" ಅಂತ ಬಿಟ್ಟರೆ ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಕುಡಿಯುವವನಿಗೂ ಜ್ವರ ಜ್ವರವೇ. ಅವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

*

ಓದಿದವರ ನಂಬಿಕೆ ಬೇರೆ ಥರ. "ದಿನಾ ಒಂದು ಗ್ಲಾಸ್ ರೆಡ್ ವೈನ್ ಹಾರ್ಟಿಗೆ ಒಳ್ಳೇದಂತೆ." ಫ್ರೆಂಚರು ಬೆಣ್ಣೆ ತಿಂದರೂ ಹೃದಯಾಘಾತ ಕಡಿಮೆ, ಅದಕ್ಕೆ ವೈನ್ ಕಾರಣ ಅಂತ 1991ರಲ್ಲಿ ಅಮೆರಿಕದ ಒಂದು ಟೀವಿ ಕಾರ್ಯಕ್ರಮ ಹೇಳಿದ್ದೇ ತಡ, ಮಾತು ಜಗತ್ತು ಸುತ್ತಿತು. ಆದರೆ ಅಂಥ ಲೆಕ್ಕಗಳಲ್ಲಿರುವ ತೊಡಕನ್ನು ಬ್ರಿಟನ್ನಿನ ಶೇಪರ್ ಮತ್ತು ಸಂಗಡಿಗರು 1988ರಲ್ಲೇ ಎತ್ತಿ ತೋರಿಸಿದ್ದರು. "ಕುಡಿಯದವರು" ಅಂತ ಲೆಕ್ಕಕ್ಕೆ ಸಿಗುವವರಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿರುತ್ತಾರೆ. ಅವರ ಪಕ್ಕದಲ್ಲಿ ಕುಡಿಯುವವನು ಗಟ್ಟಿಮುಟ್ಟಾಗಿ ಕಾಣುವುದು ಸಹಜ. ನಮಗೆ ಹತ್ತಿರದ ವಿಷಯ ಏನೆಂದರೆ, ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ದಕ್ಷಿಣ ಏಷ್ಯಾದ ಭಾಗ 2007ರಲ್ಲಿ ಪ್ರಕಟವಾದಾಗ ನಮ್ಮ ಜನರ ಹೃದಯಕ್ಕೆ ಕುಡಿತದಿಂದ ರಕ್ಷಣೆ ಕಾಣಲಿಲ್ಲ. ಮದ್ಯ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿ ಮಾಡಿತ್ತು. ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಕಿಡ್ನಿ ಕಲ್ಲಿಗೆ ಬಿಯರಿನಲ್ಲಿ ಕೆಲಸ ಮಾಡುವುದು ನೀರು. ನೀರು ನಮ್ಮ ಬಾವಿಯಲ್ಲೇ ಇದೆ.

ಕೊನೆಗೆ ಒಂದು ಎಚ್ಚರಿಕೆ. "ಬಿಡೋದಾದ್ರೆ ಒಂದೇ ಸಲ ಬಿಟ್ಟುಬಿಡು" ಅನ್ನುವುದೂ ಎಲ್ಲರಿಗೂ ಹೊಂದುವ ಮಾತಲ್ಲ. ವರ್ಷಗಟ್ಟಲೆ ದಿನಾ ಜೋರಾಗಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಎರಡು-ಮೂರು ದಿನದಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು. ಜೀವಕ್ಕೂ ಅಪಾಯ. 2020ರಲ್ಲಿ ಲಾಕ್‌ಡೌನ್ ಆಗಿ ಮೇ 4ರವರೆಗೆ ಅಂಗಡಿ ಮುಚ್ಚಿದ್ದಾಗ ಎಷ್ಟೋ ಮನೆಗಳು ಇದನ್ನು ಕಂಡವು. ಅದು ದೆವ್ವ ಅಲ್ಲ, ತಾಯಿತಕ್ಕೆ ಹೋಗುವುದಲ್ಲ. ಡಾಕ್ಟರ ಹತ್ತಿರ ಹೋಗಿ ಅವರ ಕಣ್ಣೆದುರಲ್ಲೇ ಬಿಡಬೇಕು. ಬಿಡಲು ಔಷಧಿ ಇದೆ.

ಈಗ ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುವ ಹುಡುಗರಿಗೆ "ಚಳಿಗೆ" ದುಡ್ಡನ್ನು ಕೂಲಿಗೇ ಸೇರಿಸಿ ಕೊಡುತ್ತೇವೆ. ಅದರಲ್ಲಿ ಏನು ಮಾಡುತ್ತಾರೋ ಅವರಿಷ್ಟ. ಆದರೆ ಔಷಧಿ ಅನ್ನುವ ಹೆಸರಲ್ಲಿ ಕೊಡುವುದಿಲ್ಲ. ಬೆಳಿಗ್ಗೆ ಮರ ಹತ್ತುವ ಮೊದಲು ಬಿಸಿಬಿಸಿ ಗಂಜಿ, ಉಪ್ಪಿನಕಾಯಿ, ಮಧ್ಯೆ ಎರಡು ಸಲ ಬೆಲ್ಲದ ಕಾಫಿ, ಒಣಗಿದ ಒಂದು ಟವೆಲ್ಲು. ಚಳಿಗೆ ಇಷ್ಟೇ ಬೇಕಾಗಿದ್ದದ್ದು ಅಂತ ನಮ್ಮ ಮನೆಗೆ ಗೊತ್ತಾಗಲು ಮೂರು ತಲೆಮಾರು ಬೇಕಾಯಿತು.